ಸುತ್ತಿಗೆಯವಳು ಮತ್ತು ಕಪ್ಪುಕಲ್ಲಿನ ಮುಚ್ಚಳ

ಅವಳ ಸುದ್ದಿಯನ್ನು ನಾನು ಮೊದಲು ಕೇಳಿದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಬಂದರಿನ ಲಾಡ್ಜಿನ ಹಾಸಿಗೆ ಬಟ್ಟೆಗಳನ್ನು ಒಗೆದುಕೊಡುವುದು ಆಗ ನನ್ನ ಕೆಲಸ. ಎದುರುಮನೆಯಲ್ಲಿ ಡಬ್ಬ ರಿಪೇರಿ ಮಾಡುವವನ ಹೆಂಡತಿ ಏದುಸಿರು ಬಿಡುತ್ತಾ ಓಣಿಯ ಮೆಟ್ಟಿಲು ಹತ್ತಿ ಬಂದಳು. ಅವಳ ಬಾಯಲ್ಲಿ ಸುದ್ದಿ ನಿಲ್ಲುವುದು ಜರಡಿಯಲ್ಲಿ ನೀರು ನಿಂತಷ್ಟೇ.

"ಕೇಳಿದ್ಯೇನೇ? ಶಾಲೆ ಹತ್ರ ಒಬ್ಬ ಹುಡುಗಿ ದೊಡ್ಡ ಸುತ್ತಿಗೆ ತಗೊಂಡು ನೆಲಕ್ಕೆ ಬಡೀತಿದಾಳೆ!"

"ಮೊಳೆ ಹೊಡೀತಿರಬೇಕು."

"ಮೊಳೆನೂ ಇಲ್ಲ, ಮರನೂ ಇಲ್ಲ. ಒಂದು ಕಬ್ಬಿಣದ ತಟ್ಟೆ ಇಟ್ಟು ಅದಕ್ಕೆ ಬಡೀತಾಳೆ. ಬಡಿದು ಸುಮ್ನೆ ನಿಂತ್ಕೋತಾಳೆ. ಆಮೇಲೆ ಮತ್ತೆ ಬಡೀತಾಳೆ."

"ಗಂಡನ ಮೇಲಿನ ಸಿಟ್ಟಿರಬೇಕು ಬಿಡು."

"ಮದುವೆನೇ ಆಗಿಲ್ವಂತೆ!"

"ಹಾಗಾದ್ರೆ ಇಷ್ಟು ಸಿಟ್ಟು ಎಲ್ಲಿಂದ ಬಂತು?"

ಇಬ್ಬರೂ ನಗುತ್ತಿದ್ದಾಗ ಹಿತ್ತಲ ಬಾವಿಯ ಆಳದಿಂದ ನನ್ನ ಯಜಮಾನರು ಕೂಗಿದರು. "ಯಾರೇ ಅದು ಮೇಲೆ? ಬಾಗಿಲು ಬಡಿದ ಹಾಗಾಯ್ತಲ್ಲ!" ಬಾಗಿಲು ತೆರೆದೇ ಇತ್ತು. ಶಾಲೆಯ ಹತ್ತಿರ ಬಿದ್ದ ಪೆಟ್ಟು ನೆಲದೊಳಗೆ ನಡೆದು ಬಂದು ಅವರ ಅಂಗಾಲಿಗೆ ತಾಗಿತ್ತು. ಅದು ನನಗೆ ತಿಳಿದದ್ದು ಆಮೇಲೆ.

ನಮ್ಮ ದ್ವೀಪದಲ್ಲಿ ಸುತ್ತ ನೀರಿದ್ದರೂ ಕುಡಿಯಲು ಹನಿಯಿಲ್ಲ. ಒಗೆಯಲು, ತೊಳೆಯಲು ಪಂಪಿನ ಸವಳು ನೀರಿತ್ತು. ಕುಡಿಯುವ ನೀರು ದೋಣಿಯಲ್ಲಿ ಬರಬೇಕು. ಸಮುದ್ರ ಕೆರಳಿದರೆ ದೋಣಿ ಬಾರದು, ಆಗ ಮಕ್ಕಳಿಗೆ ಮೊದಲು, ಮುದುಕರಿಗೆ ಆಮೇಲೆ, ನಮಗೆ ಉಳಿದರೆ ಉಂಟು. ಬಾವಿ ತೋಡುವುದೇ ನನ್ನ ಯಜಮಾನರ ಕಸುಬು. ಊರಿಗೆಲ್ಲ ಸವಳು ಬಾವಿ ತೋಡಿಕೊಟ್ಟವರು ಓಣಿಗೆ ಒಂದು ಸಿಹಿನೀರಿನ ಬಾವಿಯಾದರೂ ಆಗಲಿ ಎಂದು ನಮ್ಮ ಹಿತ್ತಲಲ್ಲೇ ಶುರುಮಾಡಿದ್ದರು. ಮಣ್ಣು ಮುಗಿದು ಕಪ್ಪುಕಲ್ಲು ಬಂತು. ಉಳಿ, ಸುತ್ತಿಗೆ, ಬೆವರು. ಸಂಜೆ ಮೇಲೆ ಬಂದಾಗ ಅವರ ಹುಬ್ಬಿನ ಮೇಲೂ ಕಲ್ಲಿನ ಪುಡಿ ಕೂತಿರುತ್ತಿತ್ತು.

ಆ ಹುಡುಗಿ ಹೊರಗಿನವಳೇನಲ್ಲ. ಬಂದರಿನಲ್ಲಿ ದೋಣಿಯ ಟಿಕೆಟ್ಟು ಹರಿಯುತ್ತಿದ್ದವನ ಮಗಳು. ದಡದ ಊರಿಗೆ ಹೋಗಿ ಓದಿ, ನೆಲ ಪರೀಕ್ಷೆ ಮಾಡುವ ಕಚೇರಿಗೆ ಸೇರಿ, ಇಲ್ಲಿಗೇ ಬಂದಿದ್ದಳು. ಅವಳಪ್ಪ ಸಿಕ್ಕವರಿಗೆಲ್ಲ ಹೇಳುತ್ತಿದ್ದ: "ಮೇಜು ಕುರ್ಚಿ ಕೆಲಸ ಸಿಗಲಿ ಅಂತ ಓದಿಸಿದೆ. ಸುತ್ತಿಗೆ ಹೊತ್ಕೊಂಡು ಬಂದ್ಲು." ಊರು ಅವಳಿಗೆ ಸುತ್ತಿಗೆಯವಳು ಎಂದೇ ಹೆಸರಿಟ್ಟಿತು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಒಂದು ಮುಂಗೈ ಇನ್ನೊಂದಕ್ಕಿಂತ ದಪ್ಪ. ನಿಂತೇ ಚಹಾ ಕುಡಿಯುವವಳು, ಕೂತರೆ ಎಲ್ಲಿ ಹೊತ್ತು ಹೋಗಿಬಿಡುತ್ತೋ ಎನ್ನುವ ಹಾಗೆ.

ಕೆಲವು ದಿನಗಳಲ್ಲಿ ನಮ್ಮ ಓಣಿಗೂ ಬಂದಳು. ಮೆಟ್ಟಿಲುಗಳ ಉದ್ದಕ್ಕೂ ಒಂದು ತಂತಿ ಎಳೆದು, ಅದಕ್ಕೆ ಕಟ್ಟಿದ ಪುಟ್ಟ ಡಬ್ಬಿಗಳನ್ನು ನೆಲಕ್ಕೆ ಚುಚ್ಚಿದಳು. ಅವುಗಳಿಗೆ ಅವಳಿಟ್ಟ ಹೆಸರು ಕಿವಿ. ನನ್ನ ಯಜಮಾನರು ಬಾವಿಯಿಂದ ಮೇಲೆ ಬಂದು, ಮೈಯ ಪುಡಿ ಕೊಡವಿಕೊಳ್ಳುತ್ತಾ ನೋಡಿದರು.

"ಏನು ಮಗಾ ಇದು?"

"ಒಂದು ಕಡೆ ಬಡಿದ್ರೆ ಆ ಪೆಟ್ಟು ಅಲೆ ಅಲೆಯಾಗಿ ನೆಲದೊಳಗೆ ಓಡುತ್ತೆ ಮಾವ. ಒಣ ಮರಳಲ್ಲಿ ಮುದುಕನ ನಡಿಗೆ. ಒದ್ದೆ ಮಣ್ಣಲ್ಲಿ ಇನ್ನೊಂಚೂರು ಬೇಗ. ಗಟ್ಟಿ ಕಲ್ಲು ಸಿಕ್ಕಿದ್ರೆ ಕುದುರೆ. ಯಾವ ಕಿವಿಗೆ ಯಾವಾಗ ಮುಟ್ಟಿತು ಅಂತ ನೋಡಿದ್ರೆ, ಕೆಳಗೆ ಏನಿದೆ, ಎಷ್ಟು ಆಳದಲ್ಲಿದೆ ಅಂತ ಹೇಳಬಹುದು."

"ನಾನೂ ದಿನಾ ಬಡೀತೀನಲ್ಲ, ನನಗೇನೂ ಹೇಳಲಿಲ್ಲ ಈ ಕಲ್ಲು."

"ನಿಮಗಿರೋದು ಎರಡೇ ಕಿವಿ ಮಾವ. ನನ್ನ ಹತ್ರ ಹನ್ನೆರಡಿದೆ."

ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ಮಧ್ಯಾಹ್ನದವರೆಗೆ ಅವಳ ಸುತ್ತಿಗೆಯನ್ನು ಅವರೇ ಬೀಸಿಕೊಟ್ಟರು. ಅವಳು ತಂತಿಯ ತುದಿಗೆ ಜೋಡಿಸಿದ ಪೆಟ್ಟಿಗೆಯಲ್ಲಿ ಮೂಡುವ ಗೆರೆಗಳನ್ನು ನೋಡಿದಳು, ತಂತಿ ಸರಿಸಿದಳು, ಮತ್ತೆ ನೋಡಿದಳು. ಕೊನೆಗೆ ಬಾವಿಯ ಕಟ್ಟೆಯ ಹತ್ತಿರ ಬಂದು ನಿಂತಳು.

"ಕುದುರೆ ಮಾವ. ಶುದ್ಧ ಕುದುರೆ. ಕೆಳಗೆ ಕಲ್ಲೇ. ಇನ್ನೇನೂ ಇಲ್ಲ. ಸುಮ್ನೆ ಮೈ ದಂಡಿಸಬೇಡಿ."

ಅವರು ಬಾವಿಯೊಳಗೆ ಇಣುಕಿ, ಅವಳ ಮುಖ ನೋಡಿ, "ಸರಿ" ಎಂದರು. ಅಂದೇ ಏಣಿಯನ್ನು ಮೇಲೆಳೆದು ಬಾವಿಯ ಮೇಲೆ ಹಲಗೆ ಜೋಡಿಸಿದರು.

ಓಣಿ ಸುಮ್ಮನಿರುತ್ತದೆಯೇ? ಡಬ್ಬದವನಂತೂ ಹೋಗುತ್ತಾ ಬರುತ್ತಾ ಕೆಣಕುತ್ತಿದ್ದ. "ಏನಣ್ಣಾ, ಇಷ್ಟು ವರ್ಷ ಅಗೆದವನು ಒಂದು ಹುಡುಗಿಯ ಮಾತಿಗೆ ಹಲಗೆ ಮುಚ್ಚಿಬಿಟ್ಯಾ?" ಅವರದು ಒಂದೇ ಉತ್ತರ: "ನಾನು ನೆಲ ಕೆರೆಯೋನು. ಅವಳು ಕೇಳಿ ತಿಳಿದೋಳು." ಆಮೇಲೆ ಬಂದರಿನ ಗೋಡೆ ಕಟ್ಟುವ ಕೆಲಸಕ್ಕೆ ಹೋದರು. ಆದರೆ ಬೆಳಿಗ್ಗೆ ಎದ್ದವರು ಮೊದಲು ಆ ಹಲಗೆಯ ಮೇಲೆ ಹೋಗಿ ಕೂರುವ ಅಭ್ಯಾಸ ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಜ್ವರ ಬಂತು. ಅದು ಇಳಿಯಲಿಲ್ಲ. ಹೋದರು.

ಸುತ್ತಿಗೆಯವಳನ್ನು ಕಚೇರಿ ಬೇರೆ ಬೇರೆ ದ್ವೀಪಗಳಿಗೆ ಕಳಿಸಿತ್ತು. ಅವಳು ಮತ್ತೆ ನಮ್ಮ ಓಣಿ ಹತ್ತಿ ಬಂದಾಗ ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿಗೂದಲು. ಹೆಗಲ ಮೇಲೆ ಬೇರೆ ಪೆಟ್ಟಿಗೆ. ನಾನು ಹೊದಿಕೆ ಹಿಂಡುತ್ತಿದ್ದೆ. ಅವಳ ಕಣ್ಣು ನೇರ ಹಲಗೆಯ ಮೇಲೆ ಹೋಯಿತು.

"ಅತ್ತೆ, ಮಾವ ಎಲ್ಲಿ?"

"ಹೋದರು ಮಗಾ. ಮೂರು ವರ್ಷ ಆಯ್ತು."

ಅವಳು ಪೆಟ್ಟಿಗೆ ಇಳಿಸಿ, ಒಗೆಯುವ ಕಲ್ಲಿನ ಮೇಲೆ ಕೂತಳು. ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅವರ ಹತ್ರ ಒಂದು ಮಾತು ಹೇಳೋಕೆ ಬಂದಿದ್ದೆ."

"ನನ್ನ ಹತ್ರ ಹೇಳು."

"ಅವತ್ತು ನಾನು ಹೇಳಿದ್ದು ತಪ್ಪು ಅತ್ತೆ."

ನಾನು ಹೊದಿಕೆಯನ್ನು ಹಿಂಡುತ್ತಲೇ ಇದ್ದೆ. ಅದರಲ್ಲಿ ಹಿಂಡಲು ನೀರು ಉಳಿದಿರಲಿಲ್ಲ.

ಅವಳು ಹೇಳಿದ್ದು ಹೀಗೆ. ಬೇರೊಂದು ದ್ವೀಪದಲ್ಲೂ ಅವಳು ಹೀಗೇ ಸುತ್ತಿಗೆ ಬಡಿದು, ಕೆಳಗೆಲ್ಲ ಕಲ್ಲೇ ಎಂದು ಹೇಳಿಬಂದಿದ್ದಳು. ಬಿರುಗಾಳಿಗೆ ಅಲ್ಲಿಯ ಕಡಲ ಬದಿಯ ಗುಡ್ಡ ಅರ್ಧ ಕುಸಿದು ಒಳಗೆಲ್ಲ ಕಾಣಿಸಿತು. ಮೇಲೆ ಕಪ್ಪುಕಲ್ಲಿನ ದಪ್ಪ ಹಾಳೆ. ಅದರ ಕೆಳಗೆ ಕೆಂಪು ಪುಡಿಗಲ್ಲು, ಬೂದಿ. ಅಲ್ಲಿಂದ ನೀರು ಜಿನುಗುತ್ತಿತ್ತು, ಜನ ಕೊಡ ಹಿಡಿದು ನಿಂತಿದ್ದರು.

"ಪೆಟ್ಟಿನ ಅಲೆ ಗಟ್ಟಿ ಕಲ್ಲಲ್ಲಿ ಓಡಿ, ಅಲ್ಲಿಂದಲೇ ಮೇಲೆ ಬಂದು ನನ್ನ ಕಿವಿಗೆ ಮುಟ್ಟುತ್ತೆ. ಕಲ್ಲಿನ ಕೆಳಗೆ ಮೆತ್ತನೆಯದಿದ್ರೆ ಅದಕ್ಕೆ ಇಳಿದ ಅಲೆ ಇನ್ನೂ ಕೆಳಕ್ಕೇ ಬಾಗುತ್ತೆ. ಅದರ ಸುದ್ದಿ ಮೇಲೆ ಬರಲ್ಲ ಅತ್ತೆ. ನಾನು ಮುಚ್ಚಳ ತಟ್ಟಿ, ಪಾತ್ರೆ ಪೂರ್ತಿ ಕಬ್ಬಿಣ ಅಂದುಬಿಟ್ಟೆ."

"ಹಾಗಾದ್ರೆ ಇಲ್ಲೂ ನೀರಿದೆಯಾ?"

"ಗೊತ್ತಿಲ್ಲ. ಆದ್ರೆ ಇಲ್ಲ ಅಂತ ಹೇಳೋ ಹಕ್ಕು ನನಗಿರಲಿಲ್ಲ. ಈ ಸಲ ಮೇಲಿಂದ ಬಡಿಯಲ್ಲ. ಕೆಳಗಿನಿಂದ ಬರೋದನ್ನ ಕೇಳ್ತೀನಿ."

ನನಗೆ ಸಿಟ್ಟು ಬಂದಿತ್ತೋ, ಅಳು ಬಂದಿತ್ತೋ, ಇಂದಿಗೂ ಹೇಳಲಾರೆ. ಚಹಾಕ್ಕೆ ನೀರಿಟ್ಟೆ. ಆಮೇಲೆ ಇಬ್ಬರೂ ಸೇರಿ ಹಲಗೆ ತೆಗೆದೆವು.

ಆಗ ಪಕ್ಕದ ದ್ವೀಪದಲ್ಲಿ ಬಂದರಿನ ಗೋಡೆಗೆಂದು ಕಲ್ಲು ಒಡೆಯುತ್ತಿದ್ದರು. ನಡುಮಧ್ಯಾಹ್ನಕ್ಕೆ ಸೈರನ್ನು ಕೂಗಿ ಮದ್ದು ಸಿಡಿಸುತ್ತಿದ್ದರು. ಆ ಸಿಡಿತದ ಅಲೆ ಸಮುದ್ರದ ತಳದ ಬಂಡೆಯಲ್ಲಿ ಓಡಿ, ನಮ್ಮ ದ್ವೀಪದ ಕೆಳಗಿನಿಂದ ಏರಿ ಬರುತ್ತದಂತೆ. ಸುತ್ತಿಗೆಯವಳು ಒಂದು ಕಿವಿಯನ್ನು ಗುಡ್ಡದ ಶಾಲೆಯ ಹಿಂದೆ ಬರಿಯ ಬಂಡೆಯ ಮೇಲೆ ಇಟ್ಟಳು, ಒಂದನ್ನು ದೀಪಸ್ತಂಭದ ಬುಡದಲ್ಲಿ, ಇನ್ನೊಂದನ್ನು ಬಾವಿಯ ತಳದಲ್ಲಿ, ನನ್ನ ಯಜಮಾನರ ಉಳಿಯ ಗುರುತುಗಳ ಮೇಲೆಯೇ. ಕೆಳಗೆ ಉದ್ದಕ್ಕೂ ಗಟ್ಟಿ ಕಲ್ಲಿದ್ದರೆ ಅಲೆ ಮೂರು ಕಡೆಗೂ ಅವಳು ಲೆಕ್ಕ ಹಾಕಿದ ಹೊತ್ತಿಗೆ ಮುಟ್ಟಬೇಕು. ನಮ್ಮ ಬಾವಿಗೆ ಮಾತ್ರ ತಡವಾದರೆ, ದಾರಿಯಲ್ಲಿ ಅದರ ಕಾಲು ಎಲ್ಲೋ ಮೆತ್ತನೆಯದರಲ್ಲಿ ಹೂತಿದೆ ಎಂದರ್ಥ.

ತೊಂದರೆ ಇದ್ದದ್ದು ನಮ್ಮ ಓಣಿಯಲ್ಲಿ. ಮೊದಲ ದಿನದ ಗೆರೆಗಳನ್ನು ನೋಡಿ ಅವಳು ತಲೆ ಮೇಲೆ ಕೈ ಹೊತ್ತಳು.

"ಅತ್ತೆ, ಇದು ನೀವು ಬಟ್ಟೆ ಬಡಿದದ್ದು. ಇದು ಮೆಟ್ಟಿಲು ಇಳಿದ ಕೈಗಾಡಿ. ಇದು ಡಬ್ಬದಣ್ಣ. ಇದೂ ಡಬ್ಬದಣ್ಣ. ಪಾಪ, ಪಕ್ಕದ ದ್ವೀಪದಿಂದ ಬಂದ ಅಲೆ ಇವರ ಗಲಾಟೆಯಲ್ಲಿ ಬಾಯೇ ಬಿಡೋಕಾಗಿಲ್ಲ."

ಮನೆಮನೆಗೆ ಹೋಗಿ ಕೇಳಿಕೊಂಡಳು: ಸೈರನ್ನು ಕೂಗಿದ ಮೇಲೆ ಒಂದಿಷ್ಟು ಹೊತ್ತು ಯಾರೂ ಅಲ್ಲಾಡಬಾರದು. ಎಲ್ಲರೂ ಹೂಂ ಎಂದರು, ಡಬ್ಬದವನೊಬ್ಬನ ಹೊರತು.

"ಭೂಮಿಗೆ ಕಿವಿ ಇದ್ರೆ ನನಗೆ ಹೊಟ್ಟೆ ಇದೆ ತಾಯೀ. ಒಂದ್ಸಲ ನಿನ್ನ ಮಾತು ಕೇಳಿ ಬಾವಿ ಮುಚ್ಚಿದ್ದಾಯ್ತು. ಈಗ ನನ್ನ ಅಂಗಡಿನೂ ಮುಚ್ಚಿಸ್ತೀಯಾ?"

ಆ ಮಾತು ಅವಳಿಗೆ ನಾಟಿತು. ಆದರೂ ಮುಖ ತಿರುಗಿಸಲಿಲ್ಲ. "ಹೌದಣ್ಣಾ, ಮುಚ್ಚಿಸಿದ್ದು ನಾನೇ. ಅದಕ್ಕೇ ತೆಗೆಸೋಕೆ ಬಂದಿದೀನಿ," ಎಂದಳು. ಅವನು ಕೇಳಿಸದವನಂತೆ ತಗಡು ತಟ್ಟುತ್ತಾ ಹೋದ. ಎರಡನೆಯ ದಿನವೂ ಕೆಟ್ಟಿತು. ಮೂರನೆಯ ದಿನ ಅವನ ಹೆಂಡತಿ ಸೈರನ್ನಿಗೆ ಮೊದಲೇ ಅವನ ಸುತ್ತಿಗೆಯನ್ನು ಕಿತ್ತುಕೊಂಡು, ಕೆಳಗಿಟ್ಟು, ಅದರ ಮೇಲೆ ಕೂತುಬಿಟ್ಟಳು.

"ಏಳೇ!"

"ಏಳಲ್ಲ. ನಿನಗೆ ಆಗೋದಿದ್ರೆ ಎಬ್ಬಿಸು ನೋಡೋಣ."

ಅವಳ ಗಾತ್ರ ಬಲ್ಲವರು ಯಾರೂ ಆ ಪಂಥಕ್ಕೆ ಇಳಿಯುವುದಿಲ್ಲ. ಅಂದಿನಿಂದ ನಡುಮಧ್ಯಾಹ್ನಕ್ಕೆ ನಮ್ಮ ಓಣಿ ಕಲ್ಲಿನ ಬೊಂಬೆಗಳ ಓಣಿಯಾಯಿತು. ಮೆಟ್ಟಿಲ ಮೇಲಿದ್ದವನು ಒಂದು ಕಾಲು ಕೆಳಗೆ, ಒಂದು ಕಾಲು ಮೇಲೆ. ನಾನು ಒದ್ದೆ ಹೊದಿಕೆಯನ್ನು ಹೆಗಲ ಮೇಲೆತ್ತಿ ಹಾಗೇ ನಿಲ್ಲುವುದು, ನೀರು ಬೆನ್ನೊಳಗೆ ಇಳಿಯುವುದು. ಆಟವಾಡುವ ಮಕ್ಕಳೂ ಉಸಿರು ಹಿಡಿದು, ಅಲ್ಲಾಡಿದವರನ್ನು ಕಣ್ಣಲ್ಲೇ ಬೈಯುತ್ತಿದ್ದರು. ದೂರದಲ್ಲಿ ಧಡ್ ಎನ್ನುವ ಸದ್ದು. ಆಮೇಲೆ ಸುತ್ತಿಗೆಯವಳು ಬಾವಿ ಕಟ್ಟೆಯಿಂದ "ಆಯ್ತೂ!" ಎಂದು ಕೂಗಿದರೆ ಓಣಿಗೆ ಜೀವ ಬರುತ್ತಿತ್ತು.

ಅಲೆ ತಡವಾಗಿತ್ತು. ಒಂದು ದಿನವಲ್ಲ, ಪ್ರತಿದಿನ. ಶಾಲೆಯ ಬಂಡೆಗೂ ದೀಪಸ್ತಂಭಕ್ಕೂ ಹೊತ್ತಿಗೆ ಸರಿಯಾಗಿ, ನಮ್ಮ ಬಾವಿಗೆ ಮಾತ್ರ ತಡವಾಗಿ.

ಕೊಳವೆ ಬಾವಿ ಕೊರೆಯುವ ಯಂತ್ರವೊಂದು ಆಗ ದಡದಿಂದ ಬಂದಿತ್ತು. ಹಡಗು ವಾಪಸಾಗುವುದರೊಳಗೆ ಒಂದು ಕಡೆ ಮಾತ್ರ ಕೊರೆಯಲು ಸಾಧ್ಯ. ಆ ಜಾಗ ಶಾಲೆಯ ಗುಡ್ಡ ಎಂದು ಕಚೇರಿ ಮೊದಲೇ ಗೊತ್ತುಮಾಡಿತ್ತು. ಸುತ್ತಿಗೆಯವಳು ಕಚೇರಿಯ ಹಿರಿಯರನ್ನು ಓಣಿಗೇ ಕರೆದುಕೊಂಡು ಬಂದಳು. ಬಿಳಿ ಮೀಸೆಯ, ಮೆತ್ತಗೆ ಮಾತಾಡುವ ಮನುಷ್ಯ. ಅಂದಿನ ಸೈರನ್ನಿಗೆ ಅವರೂ ನಮ್ಮ ಜೊತೆ ಬೊಂಬೆಯಾಗಿ ನಿಂತರು. ಮುಗಿದ ಮೇಲೆ ಕೇಳಿದರು:

"ಎಷ್ಟು ತಡ?"

"ಕಣ್ಣು ಮಿಟುಕಿಸೋದರಲ್ಲಿ ಒಂದು ಚೂರು, ಸಾರ್."

"ಅಷ್ಟಕ್ಕೆ ನಾನು ಯಂತ್ರ ತಿರುಗಿಸಬೇಕಾ? ಇಲ್ಲಿ ಬರೀ ಕಲ್ಲು ಅಂತ ಬರೆದುಕೊಟ್ಟಿದ್ದು ನೀವೇ ಅಲ್ವೇನಮ್ಮಾ? ನಿಮ್ಮ ಹಳೇ ಮಾತು ನಂಬಲೋ, ಹೊಸ ಮಾತು ನಂಬಲೋ?"

"ಅವತ್ತು ನಾನು ತಪ್ಪಿದ್ದೂ ಆ ಚೂರಲ್ಲೇ ಸಾರ್. ಗಟ್ಟಿ ಕಲ್ಲಿನ ಕೆಳಗೆ ಮೆತ್ತನೆಯ ಪದರ ಇಲ್ದೆ ಈ ತಡ ಆಗೋಕೆ ಸಾಧ್ಯನೇ ಇಲ್ಲ. ಕಿವಿ ಇಟ್ಟಿರೋದು ಬರಿಯ ಬಂಡೆ ಮೇಲೆ. ಮೇಲಿನ ಮಣ್ಣಿನ ಮೇಲೆ ತಪ್ಪು ಹೊರಿಸೋ ಹಾಗಿಲ್ಲ."

"ನೀರೇ ಇದೆ ಅಂತೀರಾ?"

"ನೀರು ಹಿಡಿಯೋ ಜಾಗ ಇದೆ ಅಂತೀನಿ. ಒಳಗಿರೋದು ಉಪ್ಪೋ ಸಿಹಿಯೋ, ಅಲೆ ಹೇಳಲ್ಲ. ಅದಕ್ಕೆ ನಾಲಿಗೆನೇ ಬೇಕು."

ಹಿರಿಯರು ಮೀಸೆ ನೀವಿಕೊಂಡರು. ಇನ್ನೊಬ್ಬಳಾಗಿದ್ದರೆ ಇದೆ ಎಂದೇ ಆಣೆ ಇಡುತ್ತಿದ್ದಳು. ಅವಳು ತಿಳಿದಷ್ಟೇ ಹೇಳಿದಳು, ಅದರಿಂದ ಒಂದಿಂಚೂ ಹಿಂದೆ ಸರಿಯಲಿಲ್ಲ. ಉಡದ ಪಟ್ಟು ಎಂದರೆ ಅದು. ಅವರು ನನ್ನ ಕಡೆ ತಿರುಗಿದರು.

"ನಿಮ್ಮ ಯಜಮಾನರ ಬಾವಿ. ನೀವೇನಂತೀರಮ್ಮ?"

ಇಡೀ ಓಣಿ ನನ್ನ ಬಾಯಿ ನೋಡುತ್ತಿತ್ತು. "ಮುಚ್ಚಿದ್ದು ಅವಳ ಮಾತಿಗೆ ಸ್ವಾಮಿ. ತೆಗೆಯೋದೂ ಅವಳ ಮಾತಿಗೇ ಆಗಲಿ," ಎಂದೆ.

ಯಂತ್ರವನ್ನು ಮೆಟ್ಟಿಲ ಓಣಿಗೆ ಏರಿಸುವುದೇ ಒಂದು ಯುದ್ಧವಾಯಿತು. ಬಿಡಿಬಿಡಿಯಾಗಿ ಬಿಚ್ಚಿ, ಹಗ್ಗ ಕಟ್ಟಿ, ಓಣಿಯವರೆಲ್ಲ ಎಳೆದರು. ಹಗ್ಗದ ಮುಂದಿನ ತುದಿ ಹಿಡಿದವನು ಡಬ್ಬದವನು. "ನೀರು ಬರಲಿ ಅಂತಲ್ಲ, ಬರದಿದ್ರೆ ಇವಳಿಗೆ ಹೇಳೋಕೆ ನನ್ನ ಹತ್ರ ಒಂದು ಮಾತಿದೆ," ಎಂದು ಹಲ್ಲು ಕಚ್ಚಿ ಎಳೆಯುತ್ತಿದ್ದ.

ಬಾವಿಯ ತಳದಿಂದ ಕೊರೆತ ಶುರುವಾಯಿತು. ಕಪ್ಪು ಪುಡಿ. ಮರುದಿನವೂ ಕಪ್ಪು ಪುಡಿ. ಮನೆಯ ಗೋಡೆ, ಪಾತ್ರೆ, ಒಣಗಿಸಿದ ಬಟ್ಟೆ ಎಲ್ಲ ಕಪ್ಪು. ಲಾಡ್ಜಿನವನು ಹೊದಿಕೆಗಳನ್ನು ವಾಪಸು ಕಳಿಸಿದ. ಕೊರೆಯುವವನು ಹಾಸ್ಯಗಾರ. "ಅಮ್ಮಾ, ಇನ್ನು ಸ್ವಲ್ಪ ಇಳಿದ್ರೆ ಭೂಮಿಯ ಆ ಕಡೆಯವರ ಮನೆ ಸೂರು ತೂತಾಗುತ್ತೆ. ಬೈಗುಳ ತಿನ್ನೋಕೆ ತಯಾರಾಗಿ," ಎನ್ನುತ್ತಿದ್ದ. ಸುತ್ತಿಗೆಯವಳು ಕಟ್ಟೆಯ ಹತ್ತಿರ ನಿಂತೇ ಇದ್ದಳು. ಮುಚ್ಚಳ ಇಲ್ಲಿಗೆ ಮುಗಿಯಬಹುದು ಎಂದು ಅವಳು ಅಂದಾಜು ಹೇಳಿದ್ದ ಆಳವೂ ದಾಟಿತು. ಕೊರೆಯುವವನ ಹಾಸ್ಯ ನಿಂತಿತು. ಯಂತ್ರದ ಹಲ್ಲುಗಳು ಒಂದೊಂದಾಗಿ ಸವೆದು, ತಂದಿದ್ದರಲ್ಲಿ ಕೊನೆಯ ಹಲ್ಲು ಜೋಡಿಸಿದ್ದ.

"ಅಮ್ಮಾ, ಇದೂ ಹೋದ್ರೆ ಮುಗೀತು. ಬೆಟ್ಟ ಅಗೆದು ಇಲಿನೂ ಸಿಗದ ಹಾಗೆ. ಹೇಳಿ, ನಿಲ್ಲಿಸಲಾ?"

ಅವಳು ನನ್ನನ್ನು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ. ಬಾವಿಯನ್ನೇ ನೋಡುತ್ತಾ ಹೇಳಿದಳು: "ಇಲ್ಲಿ ಒಂದ್ಸಲ ನಿಲ್ಲಿಸಿ ಅಂದಿದೀನಿ. ಇನ್ನೊಂದ್ಸಲ ಅನ್ನಲ್ಲ. ಕೊರೀರಿ."

ಮಧ್ಯಾಹ್ನದ ಊಟಕ್ಕೆ ಮೊದಲು ಯಂತ್ರದ ಕೂಗು ಬದಲಾಯಿತು. ಅರಚುತ್ತಿದ್ದದ್ದು ಗೊರಗೊರ ಎಂದಿತು. ಸರಳು ತಾನಾಗಿಯೇ ಕೆಳಗೆ ಜಾರಿತು, ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದ ಹಾಗೆ. ಮೇಲೆ ಬಂದ ಪುಡಿ ಕೆಂಪಗಿತ್ತು. ಆಮೇಲೆ ಕೆಸರು. ಆಮೇಲೆ ನೀರು.

ಯಾರೂ ಕೇಕೆ ಹಾಕಲಿಲ್ಲ. ಕೆಸರು ತಿಳಿಯಾಗುವವರೆಗೆ ಪಂಪು ಮಾಡಿದರು. ಓಣಿಯವರು ಸೈರನ್ನು ಕೂಗಿದಾಗ ನಿಲ್ಲುವ ಹಾಗೆಯೇ ನಿಂತಿದ್ದರು. ಉಪ್ಪಾಗಿದ್ದರೆ ಇಷ್ಟೆಲ್ಲ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಅವಳು ಲೋಟ ತುಂಬಿದಳು. ಅದನ್ನು ತನ್ನ ಬಾಯಿಗಿಟ್ಟುಕೊಳ್ಳದೆ ನನಗೆ ಕೊಟ್ಟಳು.

ಕುಡಿದೆ. ಕಲ್ಲಿನ ರುಚಿ, ತಣ್ಣಗೆ. ಉಪ್ಪಿರಲಿಲ್ಲ.

"ಹೇಗಿದೆ ಅತ್ತಿಗೆ?" ಎಂದ ಡಬ್ಬದವನು, ತಡೆಯಲಾರದೆ.

"ಚಹಾ ಇಡ್ತೀನಿ, ಎಲ್ಲರೂ ಬನ್ನಿ," ಎಂದೆ. ಅವನು ತೋಳಲ್ಲಿ ಕಣ್ಣೊರೆಸಿಕೊಂಡು, ಪುಡಿ ಬಿತ್ತು ಎಂದ. ಸುತ್ತಿಗೆಯವಳಿಗೆ ಹೇಳಲು ಅವನಿಟ್ಟುಕೊಂಡಿದ್ದ ಮಾತು ಏನಾಯಿತೆಂದು ಯಾರೂ ಕೇಳಲಿಲ್ಲ.

ಜನ ಹೋದ ಮೇಲೆ ಅವಳು ಕೆಳದನಿಯಲ್ಲಿ ಹೇಳಿದಳು: "ಮಾವ ನಿಲ್ಲಿಸದೇ ಇದ್ದಿದ್ರೆ ಇಲ್ಲಿಗೆ ಮುಟ್ಟುತ್ತಿದ್ರು ಅತ್ತೆ."

"ಅವರು ಅದನ್ನ ಮುಟ್ಟುತ್ತಿದ್ರೋ, ಆ ಕಲ್ಲೇ ಅವರನ್ನ ಮೊದಲು ಮುಗಿಸುತ್ತಿತ್ತೋ, ಯಾವ ಕಿವಿ ಇಟ್ಟು ಕೇಳ್ತೀಯಾ? ಚಹಾ ಆರುತ್ತೆ, ಕುಡಿ."

ಕುಡಿದಳು, ಕೂತುಕೊಂಡೇ.

ಇದಾದ ಮೇಲೆ ಅವಳು ಹಾಯಾಗಿ ಇರಬಹುದಿತ್ತು. ಇರಲಿಲ್ಲ. ಸುತ್ತಿಗೆ ಬಡಿದು ಕಲ್ಲು ಎಂದು ಹೇಳಿಬಂದಿದ್ದ ಊರುಗಳೆಲ್ಲಕ್ಕೂ ಒಂದೊಂದಾಗಿ ಮತ್ತೆ ಹೋದಳು. ಕೆಲವು ಕಡೆ ಕಲ್ಲು ನಿಜವಾಗಿಯೂ ಕಲ್ಲೇ ಆಗಿತ್ತು. ಕೆಲವು ಕಡೆ ಮುಚ್ಚಳ. ಒಂದೆರಡು ಕಡೆ ಮುಚ್ಚಳದ ಕೆಳಗೆ ಉಪ್ಪುನೀರು. ಅಲ್ಲಿ ಜನ ಬೈದು ಕಳಿಸಿದ್ದನ್ನೂ ನನಗೆ ನಗುತ್ತಾ ಹೇಳುತ್ತಿದ್ದಳು. ಒಂದು ಪ್ರವಾಸಕ್ಕೂ ಇನ್ನೊಂದಕ್ಕೂ ನಡುವೆ ನನ್ನ ಮುಂದಿನ ಕೋಣೆಯಲ್ಲೇ ವಾಸ. ಅಪ್ಪ ತೀರಿದ ಮೇಲೆ ಅವಳಿಗೆ ಬೇರೆ ಮನೆಯಿರಲಿಲ್ಲ. ಕೈಕಾಲು ತೊಳೆಯದೆ ಹಾಸಿಗೆ ಹತ್ತಿದಳೆಂದು ನಾನು ಬೈಯುವುದು, ಪಂಪಿನ ಹತ್ತಿರ ಹೋಗಿ ಅವಳು ನೀರು ಎರಚಿ ನನ್ನನ್ನು ಒದ್ದೆ ಮಾಡುವುದು. ಮದುವೆಯ ಮಾತೆತ್ತಿದರೆ, "ಕಲ್ಲಾದ್ರೆ ಬಡಿದಾಗ ಉತ್ತರ ಕೊಡುತ್ತೆ ಅತ್ತೆ. ಗಂಡಸರು ಕೊಡ್ತಾರಾ?" ಎನ್ನುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೂ, ನನಗೆ ಅಷ್ಟು ಎದುರು ಮಾತಾಡಿದ ಮಗಳು ಬೇರೊಬ್ಬಳಿಲ್ಲ.

ಕೊನೆಕೊನೆಗೆ ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಎದೆಯಲ್ಲೂ ಏನೋ ಇತ್ತು. ಡಾಕ್ಟರು ಹೇಳಿದ್ದನ್ನು ನನಗೆ ಪೂರ್ತಿ ಹೇಳಲಿಲ್ಲ. ಆದರೂ ಒಂದು ಊರು ಬಾಕಿ ಇದೆಯೆಂದು ಹೊರಟಳು. ದೂರದ ಸಣ್ಣ ದ್ವೀಪ, ದೋಣಿ ವಾರಕ್ಕೊಮ್ಮೆ. ಅಲ್ಲಿಯ ಕೆಲಸ ಮುಗಿಸಿದಳಂತೆ. ವಾಪಸು ಬರಲಿಲ್ಲ. ಸುದ್ದಿ ತಂದವನು ದೋಣಿಯವನು. ಪೆಟ್ಟಿಗೆಯನ್ನು ನನ್ನ ಕಾಲ ಬಳಿ ಇಟ್ಟು, ಟೋಪಿ ತೆಗೆದು ನಿಂತ. ನನಗೆ ಅರ್ಥವಾಯಿತು.

ಹೊರಟ ದಿನ ಅವಳನ್ನು ಕಳಿಸಲು ನಾನು ಬಂದರಿನವರೆಗೆ ಹೋಗಿದ್ದೆ. ಬಾಟಲಿಯಲ್ಲಿ ನಮ್ಮ ಬಾವಿಯ ನೀರು ತುಂಬಿ ಕೊಟ್ಟಿದ್ದೆ. ಹುಷಾರು, ಭುಜಕ್ಕೆ ಎಣ್ಣೆ ಹಚ್ಚಿಕೋ, ನಿಂತೇ ತಿನ್ನಬೇಡ ಎಂದು ನನ್ನ ಪಾಠ ನಡೆದಿತ್ತು. ದೋಣಿಗೆ ಒಂದು ಕಾಲಿಟ್ಟವಳು ತಿರುಗಿದಳು.

"ಅತ್ತೆ, ನನಗೊಂದು ಕೆಲಸ ಮಾಡಿಕೊಡ್ತೀರಾ?"

"ಹೇಳು."

"ಮುಂದೆ ಯಾರೇ ಬರಲಿ, ಎಷ್ಟು ಓದಿದವರೇ ಆಗಲಿ, ಎಷ್ಟು ದೊಡ್ಡ ಪೆಟ್ಟಿಗೆ ತರಲಿ, ನೆಲ ತಟ್ಟಿ 'ಕೆಳಗೆ ಕಲ್ಲು, ಇನ್ನೇನೂ ಇಲ್ಲ' ಅಂದ್ರೆ, ಮಾವನ ಹಾಗೆ ಸರಿ ಅಂದುಬಿಡಬೇಡಿ. ಕಲ್ಲು ಎಷ್ಟು ದಪ್ಪ, ಅದರ ಕೆಳಗೆ ಏನು ಅಂತ ಕೇಳಿ. ಅವರು ಹೇಳೋವರೆಗೂ ಹಲಗೆ ಮುಚ್ಚೋಕೆ ಬಿಡಬೇಡಿ."